ಬ್ರೌಸರ್ ಮತ್ತು ಟರ್ಮಿನಲ್ ಎಮ್ಯುಲೇಟರ್ ಪತ್ತೆಹಚ್ಚುವಿಕೆ

ಬ್ರೌಸರ್ ಮತ್ತು ಟರ್ಮಿನಲ್ ಎಮ್ಯುಲೇಟರ್ ಪತ್ತೆಹಚ್ಚುವಿಕೆ ಎಂಬುದು, ದೂರದಿಂದ ಸಂಪರ್ಕಿಸಿದ ತಂತ್ರಾಂಶವು ಜಾಲಪುಟಗಳನ್ನು ತೋರಿಸುವ ಬ್ರೌಸರೋ ಅಥವಾ ಅಕ್ಷರಗಳ ಸಾಲುಗಳನ್ನಷ್ಟೇ ತೋರಿಸುವ ಟರ್ಮಿನಲ್ ಎಮ್ಯುಲೇಟರೋ ಎಂದು ಸರ್ವರ್ ನಿರ್ಣಯಿಸುವ ಕ್ರಮವಾಗಿದೆ. ಬ್ರೌಸರಿಗಾಗಿ ಸಿದ್ಧಪಡಿಸಿದ ಪುಟವನ್ನು ಟರ್ಮಿನಲ್ಲಿಗೆ ಕಳುಹಿಸಿದರೆ ಓದಲಾಗದ ಸಂಕೇತಗಳ ರಾಶಿ ಬೀಳುತ್ತದೆ. ಆದುದರಿಂದ ಈ ನಿರ್ಣಯ ಅಗತ್ಯ. ಆದರೆ ಎದುರಿನ ಪರದೆ ಸರ್ವರ್‌ಗೆ ಕಾಣುವುದಿಲ್ಲ. ಕದ ತಟ್ಟಿದವನು ಹೇಳಿದ ಹೆಸರನ್ನೇ ಒಳಗಿನವರು ನಂಬಬೇಕಾದಂತೆ, ಗ್ರಾಹಕ ತಂತ್ರಾಂಶವು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಅದು ಬಹುಮಟ್ಟಿಗೆ ಅವಲಂಬಿಸುತ್ತದೆ.

ಟರ್ಮಿನಲ್ಲಿನ ಗುರುತು

ಟರ್ಮಿನಲ್ ಎಂದರೆ ಮೂಲತಃ ಪರದೆ ಮತ್ತು ಕೀಲಿಮಣೆಯುಳ್ಳ ಯಂತ್ರ. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿಟಿ100 ಇವುಗಳಲ್ಲಿ ಪ್ರಸಿದ್ಧವಾದುದು. ಅಂತಹ ಯಂತ್ರವನ್ನು ಅನುಕರಿಸುವ ತಂತ್ರಾಂಶವೇ ಎಮ್ಯುಲೇಟರ್.

ಟೆಲ್‌ನೆಟ್ ಸಂಪರ್ಕದಲ್ಲಿ ಸರ್ವರ್ ನೇರವಾಗಿಯೇ ಹೆಸರು ಕೇಳುತ್ತದೆ. 1989ರ ಆರ್‌ಎಫ್‌ಸಿ 1091 ಇದಕ್ಕೆ 24ನೆಯ ಆಯ್ಕೆಯನ್ನು ವಿವರಿಸಿದೆ. ಗ್ರಾಹಕವು ತಾನು ಅನುಕರಿಸಬಲ್ಲ ಟರ್ಮಿನಲ್ಲುಗಳ ಹೆಸರನ್ನು ಒಂದೊಂದಾಗಿ ಹೇಳುತ್ತದೆ. ಪಟ್ಟಿ ಮುಗಿದಾಗ ಕೊನೆಯ ಹೆಸರನ್ನೇ ಮತ್ತೊಮ್ಮೆ ಹೇಳುತ್ತದೆ. ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ 'ಐಬಿಎಂ-3278-2' ಎಂಬ ಹೆಸರು ಬಂದರೆ 24 ಸಾಲು, 80 ಅಂಕಣಗಳ ಪರದೆ ಎಂದರ್ಥ. ಎಸ್‌ಎಸ್‌ಎಚ್‌ನಲ್ಲಿ (ಆರ್‌ಎಫ್‌ಸಿ 4254, 2006) ಟರ್ಮಿನಲ್ ಕೋರುವ ಸಂದೇಶದಲ್ಲಿಯೇ ಅದರ ಹೆಸರೂ ಅಳತೆಯೂ ಇರುತ್ತವೆ. ಆ ಹೆಸರು ಸರ್ವರ್‌ನಲ್ಲಿ 'ಟರ್ಮ್' ಎಂಬ ಪರಿಸರ ಚರಾಂಶವಾಗಿ ಉಳಿಯುತ್ತದೆ.

ಬ್ರೌಸರಿನ ಗುರುತು

ಎಚ್‌ಟಿಟಿಪಿ ಕೋರಿಕೆಯಲ್ಲಿ 'ಯೂಸರ್-ಏಜೆಂಟ್' ಎಂಬ ಶಿರೋನಾಮೆಯೊಂದಿರುತ್ತದೆ. ಟರ್ಮಿನಲ್ಲಿನೊಳಗಿಂದ ಜಾಲಪುಟ ತರಿಸುವ 'ಕರ್ಲ್' ಎಂಬ ಆಜ್ಞೆಯು ಇಲ್ಲಿ ತನ್ನ ನಿಜನಾಮವನ್ನೂ ಆವೃತ್ತಿಸಂಖ್ಯೆಯನ್ನೂ ಹೇಳುತ್ತದೆ. ಬ್ರೌಸರುಗಳದು ಬೇರೆಯೇ ಕಥೆ. ನೆಟ್‌ಸ್ಕೇಪ್ ಬ್ರೌಸರ್ ತನ್ನನ್ನು 'ಮೊಜಿಲ್ಲಾ' ಎಂದು ಕರೆದುಕೊಳ್ಳುತ್ತಿತ್ತು. ಅನೇಕ ಜಾಲತಾಣಗಳು ಆ ಹೆಸರು ಹೇಳಿದವರಿಗಷ್ಟೇ ತಮ್ಮ ಉತ್ತಮ ಪುಟಗಳನ್ನು ಕೊಡತೊಡಗಿದವು. ಆಗ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ, 'ಹೊಂದಿಕೆಯಾಗುವಂಥದ್ದು' ಎಂಬ ವಿಶೇಷಣದೊಡನೆ, ಅದೇ ಹೆಸರನ್ನು ಧರಿಸಿತು. ಇಂದು ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಎಲ್ಲವೂ 'ಮೊಜಿಲ್ಲಾ/5.0' ಎಂದೇ ಆರಂಭಿಸುತ್ತವೆ. ಹೆಸರಿನಿಂದ ಕುಲ ತಿಳಿಯುವ ಪದ್ಧತಿ ಹೀಗೆ ತನ್ನನ್ನು ತಾನೇ ಕೆಡಿಸಿಕೊಂಡಿತು. ಕರ್ಲ್ ಕೂಡ, ಬಳಕೆದಾರನು ಬಯಸಿದರೆ, ಒಂದು ಚಿಕ್ಕ ಆಯ್ಕೆಯಿಂದ ಯಾವ ಹೆಸರನ್ನಾದರೂ ಹೇಳಬಲ್ಲದು.

ಗಡಿ ಅಳಿಸುವ ಸಂದರ್ಭಗಳು

ಲಿಂಕ್ಸ್ (ಲಿನಕ್ಸ್ ಅಲ್ಲ) ಟರ್ಮಿನಲ್ಲಿನೊಳಗೇ ನಡೆಯುವ ಬ್ರೌಸರ್. ಇದಕ್ಕೆ ವಿರುದ್ಧವಾಗಿ, ಎಕ್ಸ್‌ಟರ್ಮ್.ಜೆಎಸ್ ಬ್ರೌಸರಿನೊಳಗೆ ನಡೆಯುವ ಟರ್ಮಿನಲ್. ಎರಡನೆಯದು ಹೆಚ್ಚು ತೊಡಕಿನದು. ಬಳಕೆದಾರನ ಕೀಲಿಹೊಡೆತಗಳು ಸಾಮಾನ್ಯವಾಗಿ ವೆಬ್‌ಸಾಕೆಟ್ ಮೂಲಕ ಒಂದು ಮಧ್ಯವರ್ತಿ ತಂತ್ರಾಂಶವನ್ನು ತಲುಪಿ, ಅಲ್ಲಿಂದ ಶೆಲ್‌ಗೆ ಹೋಗುತ್ತವೆ. ಶೆಲ್‌ಗೆ ಕಾಣುವ 'ಟರ್ಮ್' ಮೌಲ್ಯವು ಮೇಜಿನ ಗಣಕದ ಎಮ್ಯುಲೇಟರಿನದರಂತೆಯೇ ಇರಬಹುದು. ಎಸ್‌ಎಸ್‌ಎಚ್ ಸರ್ವರ್ ಇರಿಸುವ 'ಎಸ್‌ಎಸ್‌ಎಚ್_ಕನೆಕ್ಷನ್' ಚರಾಂಶ ಇಲ್ಲದಿದ್ದರೆ ಅದೊಂದು ಸುಳಿವು. ಆದರೆ ಸ್ಥಳೀಯ ಟರ್ಮಿನಲ್ಲಿನಲ್ಲಿಯೂ ಅದು ಇರುವುದಿಲ್ಲ. ಮಧ್ಯವರ್ತಿಯು ಎಸ್‌ಎಸ್‌ಎಚ್ ಬಳಸಿದರೆ ಅದರಲ್ಲಿ ಮಧ್ಯವರ್ತಿಯ ವಿಳಾಸವೇ ಕಾಣುತ್ತದೆ. ಸಂಪರ್ಕದ ನಿಜಸ್ವರೂಪ ಬಲ್ಲದ್ದು ಮಧ್ಯವರ್ತಿ ಮಾತ್ರ. ಅದು ಶೆಲ್ಲನ್ನು ಆರಂಭಿಸುವಾಗಲೇ ಪ್ರತ್ಯೇಕ ಚರಾಂಶವೊಂದನ್ನು ಇರಿಸಿ ತಿಳಿಸುವುದು ಉಳಿದೆಲ್ಲ ಊಹೆಗಳಿಗಿಂತ ನಂಬಲರ್ಹ.

ದುರುಪಯೋಗ

ಈ ಪತ್ತೆ ಕೇವಲ ಅನುಕೂಲದ ವಿಷಯವಲ್ಲ. ತಂತ್ರಾಂಶ ಸ್ಥಾಪಿಸಲು ಒಂದು ಕಡತವನ್ನು ಕರ್ಲ್‌ನಿಂದ ತರಿಸಿ ನೇರವಾಗಿ ಬ್ಯಾಶ್ ಶೆಲ್‌ಗೆ ಹರಿಸಿರೆಂದು ಹಲವು ಜಾಲತಾಣಗಳು ಸೂಚಿಸುತ್ತವೆ. ಎಚ್ಚರಿಕೆಯುಳ್ಳ ವಿದ್ಯಾರ್ಥಿಯು ಮೊದಲು ಆ ಕಡತವನ್ನು ಬ್ರೌಸರಿನಲ್ಲಿ ತೆರೆದು ಓದಬಹುದು. ವಂಚಕ ಸರ್ವರ್ ಬ್ರೌಸರಿಗೆ ನಿರಪಾಯಕಾರಿ ಕಡತವನ್ನು ತೋರಿಸಿ, ಕರ್ಲ್‌ಗೆ ಬೇರೊಂದನ್ನು ಕೊಡಬಲ್ಲದು.

ಹೆಸರನ್ನು ಬದಲಿಸಿದರೂ ಅಪಾಯ ತಪ್ಪುವುದಿಲ್ಲ. ಬ್ಯಾಶ್ ಆಜ್ಞೆಗಳನ್ನು ಬಂದಂತೆ ಬಂದಂತೆ ನಡೆಸುತ್ತದೆ. ಕಡತದ ಮೊದಲಲ್ಲಿ ಕೆಲವು ಕ್ಷಣ ಕಾಯುವ ಆಜ್ಞೆಯಿದ್ದರೆ ಅದು ಮುಂದಿನದನ್ನು ಓದದೆ ನಿಲ್ಲುತ್ತದೆ. ಸರ್ವರ್ ಸಾಕಷ್ಟು ದತ್ತಾಂಶ ಕಳುಹಿಸುತ್ತಿದ್ದರೆ ನಡುವಿನ ಸಂಗ್ರಹಗಳು ತುಂಬಿ ಸಾಗಣೆ ತಡೆಯುತ್ತದೆ. ಆ ತಡೆಯ ಅವಧಿಯನ್ನು ಅಳೆದು, ಕಡತವು ಓದಲ್ಪಡುತ್ತಿಲ್ಲ, ನಡೆಯುತ್ತಿದೆ ಎಂದು ಸರ್ವರ್ ತಿಳಿಯಬಲ್ಲದು; ಉಳಿದ ಭಾಗವನ್ನು ಅದಕ್ಕೆ ತಕ್ಕಂತೆ ಬದಲಿಸಬಲ್ಲದು. ಆದ್ದರಿಂದ ಕಡತವನ್ನು ಮೊದಲು ಡಿಸ್ಕಿನಲ್ಲಿ ಉಳಿಸಿ, ಉಳಿಸಿದ ಪ್ರತಿಯನ್ನೇ ಓದಿ, ಅನಂತರ ಅದೇ ಪ್ರತಿಯನ್ನು ನಡೆಸಬೇಕು.