ಮಳೆ, ಹಳ್ಳ, ಹಳಿಗಳ ನಡುವೆ ಶಾಲೆ: ಲೋಂಡಾ ಭಾಗದ ಮಕ್ಕಳ ಸುರಕ್ಷತೆ

ಲೋಂಡಾ: ಖಾನಾಪುರ ತಾಲೂಕಿನ ಈ ಭಾಗದಲ್ಲಿ ಶಾಲೆಯೂ ಮುಂಗಾರೂ ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಬೆಳಗಾವಿ, ಹುಬ್ಬಳ್ಳಿ ಹಾಗೂ ಗೋವೆಯ ರೈಲು ಮಾರ್ಗಗಳು ಕೂಡುವ ಲೋಂಡಾ ಜಂಕ್ಷನ್ ಸುತ್ತ ದಟ್ಟ ಕಾಡಿದೆ. ತಾಲೂಕು ಕೇಂದ್ರ ಸುಮಾರು 25 ಕಿ.ಮೀ. ದೂರವಿದ್ದು, ಬೆಳಗಾವಿ ಅದರ ಇಮ್ಮಡಿ ದೂರದಲ್ಲಿದೆ. ಅವಘಡ ಸಂಭವಿಸಿದಲ್ಲಿ ಹೊರಗಿನ ನೆರವು ತಲುಪುವವರೆಗೆ ಶಿಕ್ಷಕರೇ ಪರಿಸ್ಥಿತಿಯನ್ನು ನಿಭಾಯಿಸಬೇಕಾಗುತ್ತದೆ.

ಶಾಲಾ ಸುರಕ್ಷತೆ ದೇಶದ ಗಮನ ಸೆಳೆದದ್ದು ತಮಿಳುನಾಡಿನ ಕುಂಭಕೋಣಂ ದುರಂತದಿಂದ. 2004ರ ಜುಲೈ 16ರಂದು ಶಾಲೆಯ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಚಾವಣಿಗೆ ವ್ಯಾಪಿಸಿ 94 ಮಕ್ಕಳು ಅಸುನೀಗಿದರು. ಅನಂತರ ದಾಖಲಾದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್ 13ರಂದು ತೀರ್ಪಿತ್ತು, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೆಂದು ಸಾರಿತು. ಅಗ್ನಿಶಾಮಕ ಸಾಧನಗಳ ಅಳವಡಿಕೆ ಹಾಗೂ ಸಿಬ್ಬಂದಿಯ ತರಬೇತಿಗೆ ಆದೇಶಿಸಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಶಾಲಾ ಸುರಕ್ಷತಾ ಮಾರ್ಗಸೂಚಿ ಹೊರಬಂದದ್ದು 2016ರಲ್ಲಿ. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರನ್ನು ಬಳಸಲು ಯಾರೂ ಕಲಿಯದಿದ್ದರೆ ಅದು ಅಲಂಕಾರವಷ್ಟೆ. ಅಕ್ಷರ ದಾಸೋಹದ ಅಡುಗೆಯವರಿಗೂ ಈ ತರಬೇತಿ ಅಗತ್ಯ. ಬೆಂಕಿಗೆ ಎಲ್ಲರಿಗಿಂತ ಹತ್ತಿರವಿರುವವರು ಅವರೇ.

ಆದರೆ ಮಲೆನಾಡಿನ ಈ ಅಂಚಿನಲ್ಲಿ ಬೆಂಕಿಗಿಂತ ನೀರಿನ ಭಯ ದೊಡ್ಡದು. ಭೀಮಗಡ ಅಭಯಾರಣ್ಯದೊಳಗಿನ ಆಮಗಾಂವ, ಗವಾಳಿಯಂತಹ ಹಳ್ಳಿಗಳ ಸಂಪರ್ಕ ಮಳೆಗಾಲದಲ್ಲಿ ಕಡಿದುಹೋಗುವುದು ವಾಡಿಕೆ. ಮಳೆ ಹೆಚ್ಚಿದಾಗ ಜಿಲ್ಲಾಡಳಿತ ರಜೆ ಘೋಷಿಸುತ್ತದೆ. 2024ರ ಜುಲೈನಲ್ಲಿಯೂ ಖಾನಾಪುರ ತಾಲೂಕಿನ ಶಾಲೆಗಳಿಗೆ ರಜೆ ನೀಡಲಾಗಿತ್ತು. ಹಿಂದಿನ ರಾತ್ರಿಯೇ ಆದೇಶ ಬಂದರೆ ತೊಡಕಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಊರಿಗೆ ಬೆಳಿಗ್ಗೆ ಹೊರಟ ಸಂದೇಶ ತಲುಪುವಷ್ಟರಲ್ಲಿ ಮಕ್ಕಳು ದಾರಿ ಹಿಡಿದಿರುತ್ತಾರೆ. ಅದಕ್ಕಿಂತ ಅಪಾಯಕಾರಿಯಾದದ್ದು ಮಧ್ಯಾಹ್ನ ಮಳೆ ಜೋರಾಯಿತೆಂದು ತರಗತಿ ಬಿಟ್ಟುಬಿಡುವುದು. ಬೆಳಿಗ್ಗೆ ಮೊಣಕಾಲುದ್ದ ಹರಿದ ಹಳ್ಳ ಮಧ್ಯಾಹ್ನ ಎದೆಮಟ್ಟಕ್ಕೆ ಏರಬಲ್ಲದು. ಇಂಥ ದಿನ ಕಟ್ಟಡ ಭದ್ರವಾಗಿದ್ದರೆ ಮಕ್ಕಳನ್ನು ಅಲ್ಲಿಯೇ ಉಳಿಸಿಕೊಂಡು, ಪಾಲಕರು ಬಂದಾಗ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ ಒಪ್ಪಿಸುವುದೇ ಸರಿಯಾದ ಕ್ರಮ. ಯಾವ ಮಗು ಯಾವ ಹಳ್ಳ ದಾಟಿ ಬರುತ್ತದೆಂಬ ಪಟ್ಟಿಯನ್ನು ಜೂನ್ ತಿಂಗಳಲ್ಲಿಯೇ ಸಿದ್ಧಪಡಿಸಿದರೆ ಖರ್ಚೇನೂ ಬಾರದು. ಸೋರುವ, ಬಿರುಕು ಬಿಟ್ಟ ಕೊಠಡಿಗಳನ್ನು ಅದಕ್ಕೂ ಮೊದಲೇ ಗುರುತಿಸಿ ಬೀಗ ಹಾಕಬೇಕು.

ರೈಲ್ವೆ ಊರಿನ ಅಪಾಯ ಬೇರೆ ಬಗೆಯದು. ಮೇಲ್ಸೇತುವೆಯ ಸುತ್ತುದಾರಿಗಿಂತ ಹಳಿ ದಾಟುವುದು ಮಕ್ಕಳಿಗೆ ಸುಲಭವೆನಿಸುತ್ತದೆ. ವಿದ್ಯುದೀಕೃತ ಮಾರ್ಗದ ಮೇಲ್ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ; ನಿಂತ ವ್ಯಾಗನ್ ಏರಿದವನು ತಂತಿಯನ್ನು ಮುಟ್ಟದಿದ್ದರೂ ಆಘಾತಕ್ಕೆ ಒಳಗಾಗಬಹುದು. ಘಟ್ಟದ ದಾರಿಯಲ್ಲಿ ಅವಘಡಗಳೂ ಅಪರೂಪವಲ್ಲ. 2021ರ ಜುಲೈನಲ್ಲಿ ಭೂಕುಸಿತದಿಂದ ದೂಧಸಾಗರ ಬಳಿ ಪ್ರಯಾಣಿಕರ ರೈಲು ಹಳಿ ತಪ್ಪಿತ್ತು. 2024ರ ಆಗಸ್ಟ್‌ನಲ್ಲಿ ಅದೇ ಘಟ್ಟದಲ್ಲಿ ಸರಕು ರೈಲಿನ ವ್ಯಾಗನ್‌ಗಳು ಹಳಿ ಬಿಟ್ಟವು. ರೈಲನ್ನೇ ನೆಚ್ಚಿ ಶಾಲೆ, ಕಾಲೇಜಿಗೆ ಹೋಗಿಬರುವವರು ಇಂಥ ದಿನ ಎಲ್ಲಿ ತಂಗಬೇಕೆಂಬುದು ಮೊದಲೇ ಗೊತ್ತಿರಬೇಕು.

ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿಗೆ 1098, ರೈಲ್ವೆಗೆ 139 ಸಂಖ್ಯೆಗಳಿವೆ. ಕನ್ನಡ ಹಾಗೂ ಮರಾಠಿ ಮಾಧ್ಯಮದ ಶಾಲೆಗಳೆರಡೂ ಇರುವ ತಾಲೂಕಿದು. ಆದ್ದರಿಂದ ಈ ಸಂಖ್ಯೆಗಳೂ ಹೊರಹೋಗುವ ದಾರಿಯ ನಕ್ಷೆಯೂ ಮಕ್ಕಳು ಓದಬಲ್ಲ ಭಾಷೆಯಲ್ಲಿ, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಲ್ಲದೆ ಪ್ರತಿ ತರಗತಿಯ ಬಾಗಿಲ ಬಳಿ ಇರಬೇಕಾಗುತ್ತದೆ.