ಹಂಪಿಯ ಮನೆಗಳು ಎಲ್ಲಿ ಹೋದವು?

ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1520ರ ಆಸುಪಾಸಿನಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಒಂದು ಗುಡ್ಡ ಹತ್ತಿ ನೋಡಿದ. ಬೆಟ್ಟಗಳ ಸಂದಿಯಲ್ಲಿ ಊರು ಹರಡಿಕೊಂಡಿದ್ದರಿಂದ ಅಲ್ಲಿಂದಲೂ ಪೂರ್ತಿ ಕಾಣಲಿಲ್ಲ. ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದಿದೆ ಅಂತ ಬರೆದಿಟ್ಟ.

ಈಗ ವೀಕೆಂಡಿಗೆ ಬೆಂಗಳೂರಿಂದ ಹೊಸಪೇಟೆ ರೈಲು ಹತ್ತುವ ನಮಗೆ ಅಲ್ಲಿ ಕಾಣುವುದೇನು? ಕಲ್ಲಿನ ರಥ, ವಿರೂಪಾಕ್ಷನ ಗೋಪುರ, ಆನೆ ಲಾಯ, ಕಮಲ ಮಹಲ್. ದೇವರಿಗೆ ಮನೆ ಇದೆ, ಆನೆಗೂ ಇದೆ. ಜನರ ಮನೆ ಮಾತ್ರ ಇಲ್ಲ. ರೋಮ್‌ನಷ್ಟು ದೊಡ್ಡ ಊರಿನ ಜನ ಎಲ್ಲಿ ಮಲಗುತ್ತಿದ್ದರು?

ಉತ್ತರ ಸರಳ. ಜನರ ಮನೆಗಳು ಮಣ್ಣು, ಮರ, ಹುಲ್ಲಿನವು. ಅರಮನೆಗಳೂ ಹೆಚ್ಚುಕಮ್ಮಿ ಹಾಗೇ: ಕೆಳಗೆ ಕಲ್ಲಿನ ಜಗತಿ, ಮೇಲೆ ಮರ ಮತ್ತು ಗಾರೆ. 1565ರ ಸೋಲಿನ ನಂತರ ಊರು ಹಾಳುಬಿತ್ತು. ಮರ ಹೋಯಿತು, ಮಣ್ಣು ಕರಗಿತು. ರಾಜರ ನೂರು ಕಂಬದ ಸಭಾಂಗಣ ಅಂತ ಗೈಡ್ ತೋರಿಸುವಲ್ಲಿ ಕಂಬಗಳೇ ಇಲ್ಲ. ಅವನ್ನು ನಿಲ್ಲಿಸಿದ್ದ ಗುರುತುಗಳಷ್ಟೇ ಇವೆ.

ಇಟಲಿಯ ಪಾಂಪೇ ಪಟ್ಟಣದ ಕಥೆ ಬೇರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿ ಅದನ್ನು ಮುಚ್ಚಿಬಿಟ್ಟಿತು. ಹಾಗಾಗಿ ಗೋಡೆ, ಒಲೆ, ಅಂಗಡಿ ಕಟ್ಟೆ ಎಲ್ಲ ಉಳಿದವು. 19ನೇ ಶತಮಾನದಲ್ಲಿ ಅಲ್ಲಿನ ಉತ್ಖನನದ ಹೊಣೆ ಹೊತ್ತ ಜುಸೆಪ್ಪೆ ಫಿಯೊರೆಲ್ಲಿ ಇಡೀ ಊರನ್ನು ವಿಭಾಗ, ಬ್ಲಾಕ್, ಬಾಗಿಲು ಅಂತ ಒಡೆದು ನಂಬರ್ ಕೊಟ್ಟ. ‘ವೆಟ್ಟಿ ಮನೆ’ಯ ವಿಳಾಸ 6.15.1. ಆರನೇ ವಿಭಾಗ, ಹದಿನೈದನೇ ಬ್ಲಾಕ್, ಒಂದನೇ ಬಾಗಿಲು. ನಮ್ಮ ಜಯನಗರದ ವಿಳಾಸದ ಥರಾನೇ. ಸಿರಿವಂತನ ಮನೆಗೂ ಒಂದು ನಂಬರ್, ಬೇಕರಿಗೂ ಒಂದು ನಂಬರ್.

ಹಂಪಿಗೆ ಅಂಥ ಭಾಗ್ಯ ಬಂದದ್ದು ತಡವಾಗಿ. 1970ರ ದಶಕದಲ್ಲಿ ಕೇಂದ್ರ ಮತ್ತು ರಾಜ್ಯ ಪುರಾತತ್ವ ಇಲಾಖೆಗಳು ದೊಡ್ಡ ಮಟ್ಟದಲ್ಲಿ ಅಗೆಯಲು ಶುರು ಮಾಡಿದವು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಪ್ರತಿ ವರ್ಷ ಬಂದು ನಕ್ಷೆ ಬರೆದರು. ಊರಿನ ಮೇಲೆ ಚೌಕಗಳ ಜಾಲ ಹಾಸಿ, ಪ್ರತಿ ಚೌಕಕ್ಕೆ ಅಕ್ಷರ, ಅದರೊಳಗಿನ ಪ್ರತಿ ಕಟ್ಟಡಕ್ಕೆ ಸಂಖ್ಯೆ. ದೇವಸ್ಥಾನ ಮಾತ್ರವಲ್ಲ, ಮುರಿದ ಗೋಡೆ, ಬಾವಿ, ಬಂಡೆಯಲ್ಲಿ ಕೊರೆದ ಮೆಟ್ಟಿಲು ಕೂಡ ಲೆಕ್ಕಕ್ಕೆ ಬಂತು.

ಭೂಗತ ಶಿವಾಲಯದ ಹತ್ತಿರ ರಾಜ್ಯ ಇಲಾಖೆ ಅಗೆದಾಗ ಒಂದು ಕೇರಿಯೇ ಎದ್ದು ಬಂತು. ಅದಕ್ಕಿಟ್ಟ ಹೆಸರು ‘ಗಣ್ಯರ ವಸತಿ’. ಒಂದರ ಮೇಲೊಂದು ಏರುವ ಜಗತಿಗಳು, ಮುಂದೆ ಅಂಗಳ, ಸುತ್ತ ಗೋಡೆ. ಬಹುತೇಕ ಕಟ್ಟಡಗಳ ಮುಖ ಪೂರ್ವಕ್ಕೆ ಇಲ್ಲವೇ ಉತ್ತರಕ್ಕೆ. ಹೆಸರು ಮಾತ್ರ ಅಗೆದವರ ಊಹೆ. ಅಲ್ಲಿ ಸಿಕ್ಕ ಮಡಕೆ ಚೂರುಗಳನ್ನು ಕಾರ್ಲಾ ಸಿನೊಪೊಲಿ ಎಣಿಸಿ, ಅಳೆದು 1993ರಲ್ಲಿ ಒಂದು ಪುಸ್ತಕವನ್ನೇ ಬರೆದರು. ರಾಜನ ವಂಶಾವಳಿ ಶಾಸನದಲ್ಲಿ ಸಿಗುತ್ತೆ. ಅಡುಗೆಮನೆ ಸಿಗುವುದು ಮಡಕೆ ಚೂರಿನಲ್ಲಿ.

ಆಮೇಲೆ ಅದೇ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಜೊತೆ ಸೇರಿ ಕೋಟೆ ದಾಟಿ ಹೊರಗೆ ಹೊರಟರು. 1988ರಿಂದ ಸುಮಾರು ಹತ್ತು ವರ್ಷ ತಂಡ ಕಟ್ಟಿಕೊಂಡು, ಸಾಲಾಗಿ ಹೊಲಗಳಲ್ಲಿ ನಡೆದು ಕೆರೆ ಏರಿ, ಕಾಲುದಾರಿ, ಹಾಳು ಹಳ್ಳಿ ದಾಖಲಿಸಿದರು. ರಾಜಧಾನಿ ಅಂದರೆ ಅದಕ್ಕೆ ಅನ್ನ ಹಾಕಿದ ಸುತ್ತಲ ಸೀಮೆಯೂ ಹೌದು ಅನ್ನುವುದು ಈ ನಕ್ಷೆಯಿಂದ ಕಣ್ಣಿಗೆ ಬಿತ್ತು.

ನಕ್ಷೆಯಲ್ಲಿ ಏನು ಬರೆಯುತ್ತೇವೆ ಅನ್ನುವುದು ಬರೀ ವಿದ್ವಾಂಸರ ತಲೆನೋವಲ್ಲ. ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಲ್ಲಿ ಸಂಸಾರ ಮತ್ತು ಅಂಗಡಿ ನಡೆಸುತ್ತಿದ್ದವರನ್ನು 2011ರಲ್ಲಿ ತೆರವು ಮಾಡಿದರು. ಮಂಟಪ ಉಳಿಯಬೇಕು ಅನ್ನುವುದು ಸರಿಯೇ. ಆದರೆ ಕಟ್ಟಿದಾಗಲೂ ಅದು ಬಜಾರೇ ಆಗಿತ್ತಲ್ಲ? ಐನೂರು ವರ್ಷದ ಹಿಂದಿನ ಅಂಗಡಿ ಪರಂಪರೆ, ಇವತ್ತಿನದು ಒತ್ತುವರಿ. ಗೆರೆ ಎಳೆಯುವವರು ಯಾರು?

2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಹೊಸ ಜಿಲ್ಲೆಗೆ ವಿಜಯನಗರ ಅಂತಲೇ ಹೆಸರಿಟ್ಟರು. ಹೊಸಪೇಟೆಯ ಜೊತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಅದರೊಳಗೆ ಬಂದವು. ಟೂರಿಸ್ಟ್ ಬಸ್ಸು ಈ ಐದರ ಕಡೆ ತಿರುಗುವುದು ಅಪರೂಪ. ಹಡಗಲಿಗೆ ‘ಹೂವಿನ ಹಡಗಲಿ’ ಅನ್ನುವ ಹೆಸರು ಹೇಗೆ ಬಂತು ಅಂತ ಅಲ್ಲಿಯ ಜನರನ್ನು ಕೇಳಿ. ಹಂಪಿಯ ಪೂಜೆಗೆ ಇಲ್ಲಿಂದ ತುಂಗಭದ್ರೆಯ ಮೇಲೆ ಹೂವು ಹೋಗುತ್ತಿತ್ತು ಅನ್ನುತ್ತಾರೆ. ಇದಕ್ಕೆ ಕಲ್ಲಿನ ಪುರಾವೆ ಕೇಳಬೇಡಿ, ಹೂವಿಗೆ ಎಲ್ಲಿಯ ಅವಶೇಷ! ಆದರೆ ಆ ಹೂತೋಟಕ್ಕೆ ನೀರು ಕೊಟ್ಟ ಬಾವಿ, ಕೆರೆ, ಕಾಲುವೆಯ ಗುರುತನ್ನು ಹುಡುಕಬಹುದು.

ಈ ಸೀಮೆಯ ಹಾಳೂರುಗಳು ಕಂದಾಯ ದಾಖಲೆಯಲ್ಲಿ ‘ಬೇಚರಾಕ್’ ಅನ್ನುವ ಒಂದೇ ಪದವಾಗಿ ಉಳಿಯುತ್ತವೆ. ಜೆಸಿಬಿಯ ಒಂದು ದಿನದ ಕೆಲಸಕ್ಕೆ ಮಡಕೆ ಚೂರು, ಪಾಯದ ಕಲ್ಲು ಎಲ್ಲ ಮಣ್ಣಾಗುತ್ತವೆ. ಹಂಪಿಯ ಸುತ್ತ ನಡೆದ ಹಾಗೆ ಇಲ್ಲೂ ಹೊಲ ಹೊಲ ನಡೆದು ಬರೆದಿಡಬೇಕು. ವಿಜಯನಗರದ ಹೆಸರು ಕೊಟ್ಟೂರು, ಕೂಡ್ಲಿಗಿವರೆಗೂ ತಲುಪಿದೆ. ನಕ್ಷೆಯೂ ತಲುಪಲಿ, ಜೆಸಿಬಿಗಿಂತ ಮುಂಚೆ.