ಹೊಳವಾದಾಗ ಸಿಕ್ಕ ಚಿತ್ರ

ಸಿದ್ದಾಪುರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಇದೆ. ಜೋಗದ್ದು. ಹಿಂಬದಿಯಲ್ಲಿ ಅಜ್ಜನ ಕೈಬರಹ: ‘ದೀಪಾವಳಿ, 1957’. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಮೈದುಂಬಿ ಇಳಿಯುತ್ತಿವೆ. ಆಕಾಶ ಅರ್ಧ ಮೋಡ, ಅರ್ಧ ಬೆಳಕು. ಮಳೆ ನಿಂತು, ಮೋಡ ಸರಿದು, ಸ್ವಲ್ಪ ಹೊತ್ತು ಬೆಳಕು ಬಿದ್ದರೆ ನಮ್ಮ ಕಡೆ ‘ಹೊಳವಾಯ್ತು’ ಅಂತಾರೆ. ಸಣ್ಣವನಿದ್ದಾಗ ‘ತಮಾ, ಹೊಳವಾತು ನೋಡು’ ಅಂತ ಅಜ್ಜಿ ಕೂಗಿದ ಕೂಡಲೇ ಒದ್ದೆ ಬಟ್ಟೆ ಎತ್ಕೊಂಡು ಅಂಗಳಕ್ಕೆ ಓಡೋದು ನನ್ನ ಕೆಲಸವಾಗಿತ್ತು. ಈಗ ಅದೇ ಬೆಳಕಿಗಾಗಿ ಕ್ಯಾಮೆರಾ ಹಿಡಿದು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತುತ್ತೇನೆ.

2023ರ ದೀಪಾವಳಿಗೆ ಊರಿಗೆ ಹೋದಾಗ ಒಂದು ಆಸೆ ಹುಟ್ಟಿತು. ಅಜ್ಜನ ಫೋಟೋವನ್ನೇ ಮತ್ತೊಮ್ಮೆ ತೆಗೆಯಬೇಕು. ಅದೇ ಹಬ್ಬ, ಅದೇ ಜಾಗ. ನಾಲ್ಕೂ ಧಾರೆ ಒಂದೇ ಚೌಕಟ್ಟಿನಲ್ಲಿ ಸಿಗೋದು ಹೊಳೆಯ ಆಚೆ, ಸಾಗರದ ದಂಡೆಯಿಂದ. 1956ರ ತನಕ ಆ ಹೊಳೆಯೇ ಗಡಿ. ಈಚೆಯ ಸಿದ್ದಾಪುರ ಮುಂಬೈಗೆ ಸೇರಿತ್ತು, ಆಚೆ ಮೈಸೂರು. ಹಾಗಾಗಿ ಜೋಗಕ್ಕೂ ಎರಡು ಬಂಗಲೆ, ಈಚೆ ಮುಂಬೈ ಬಂಗಲೆ, ಆಚೆ ಮೈಸೂರು ಬಂಗಲೆ. ರಾಜ್ಯ ಒಂದಾದ ಮರುವರ್ಷ ಅಜ್ಜ ಆಚೆ ದಡದಲ್ಲಿ ನಿಂತು, ಗೆಳೆಯರೊಬ್ಬರ ಬಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಅದು.

ನಾನು ಹೋಗಿ ನಿಂತೆ. ಬೆಳಕು ಚೆನ್ನಾಗಿತ್ತು, ಮೋಡವೂ ಇತ್ತು. ನೀರೇ ಇರಲಿಲ್ಲ! ಬಂಡೆಯ ಮೇಲೆ ಬಿಳಿ ದಾರ ಇಳಿಬಿಟ್ಟ ಹಾಗೆ ಎರಡು ಗೆರೆ, ಅಷ್ಟೇ.

ಆ ವರ್ಷ ಮಳೆ ಕಮ್ಮಿಯಿತ್ತು, ನಿಜ. ಆದರೆ ಕಾರಣ ಅದೊಂದೇ ಅಲ್ಲ. ಜೋಗದ ನೀರಿನಿಂದ ವಿದ್ಯುತ್ ತೆಗೆಯೋದು 1948ರಲ್ಲೇ ಶುರುವಾಗಿತ್ತು. 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿಯ ನೀರು ಬಹುಪಾಲು ಜೋಗದಲ್ಲಿ ಧುಮುಕುವುದಿಲ್ಲ; ಬಳಸು ದಾರಿಯಲ್ಲಿ ಹೋಗಿ 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರದ ಚಕ್ರ ತಿರುಗಿಸುತ್ತದೆ. 253 ಮೀಟರ್ ಎತ್ತರದ ಜೋಗ ಹಳೆಯ ರೂಪದಲ್ಲಿ ಕಾಣಬೇಕಾದರೆ ಜಲಾಶಯ ತುಂಬಿ ಗೇಟು ತೆಗೆಯಬೇಕು. ನಾನು ಹವಾಮಾನದ ಆ್ಯಪ್ ನೋಡಿಕೊಂಡು ಹೋಗಿದ್ದೆ. ನೋಡಬೇಕಾಗಿದ್ದದ್ದು ಜಲಾಶಯದ ಮಟ್ಟ!

ಬೈಯೋಣ ಅಂದರೆ ಬಾಯಿ ಬರಲಿಲ್ಲ. ನನ್ನ ಕ್ಯಾಮೆರಾದ ಬ್ಯಾಟರಿ ಚಾರ್ಜ್ ಆಗೋದು, ಆಫೀಸಿನ ಲ್ಯಾಪ್‌ಟಾಪ್ ಓಡೋದು ಇಂಥ ನೀರಿನಿಂದಲೇ. ಆ ಬೆಳಕಿಗಾಗಿ ಮನೆ-ಗದ್ದೆ ಮುಳುಗಿಸಿಕೊಂಡ ಶರಾವತಿ ಕಣಿವೆಯ ಜನರಲ್ಲಿ ಎಷ್ಟೋ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಇನ್ನೂ ಅಲೆಯುತ್ತಿವೆ. ನನಗೆ ತಪ್ಪಿದ್ದು ಒಂದು ಫೋಟೋ ಮಾತ್ರ.

ಮರುವರ್ಷ ಸೆಪ್ಟೆಂಬರಿನಲ್ಲಿ ದಿಕ್ಕು ಬದಲಿಸಿದೆ. ಸಿದ್ದಾಪುರದಿಂದ ಶಿರಸಿ ಮೇಲೆ ಯಲ್ಲಾಪುರ, ಅಲ್ಲಿಂದ ಮಾಗೋಡು. ದಾರಿಯುದ್ದಕ್ಕೂ ಒಂದೇ ಯೋಚನೆ: ಈ ಮೂರು ತಾಲೂಕುಗಳಲ್ಲಿ ನಾವು ‘ನಿಸರ್ಗ’ ಅಂತ ಕ್ಲಿಕ್ಕಿಸುವ ಪ್ರತಿ ಚಿತ್ರದ ಹಿಂದೆಯೂ ಯಾರೋ ಕೂತು ಮಾಡಿದ ತೀರ್ಮಾನ ಇದೆಯಲ್ಲ! ಸಿದ್ದಾಪುರ ತಾಲೂಕಿನ ಉಂಚಳ್ಳಿ ಜಲಪಾತವನ್ನೇ ನೋಡಿ. ಸದ್ದಿಗೆ ಕಿವಿ ಕೆಪ್ಪಾಗುತ್ತೆ ಅಂತ ಅದು ‘ಕೆಪ್ಪ ಜೋಗ’. ಅದು ಇವತ್ತಿಗೂ ಆ ಹೆಸರು ಉಳಿಸಿಕೊಂಡಿದ್ದರೆ, ಅಘನಾಶಿನಿಗೆ ದೊಡ್ಡ ಅಣೆಕಟ್ಟು ಕಟ್ಟದೇ ಇರೋದೂ ಕಾರಣ. ಶಿರಸಿಯ ಸಾಲ್ಕಣಿ ಸುತ್ತಿನ ಹಸಿರಿಗೂ ಒಂದು ತಾರೀಖಿದೆ. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಊರವರು ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ.

ಮಾಗೋಡು ಬೇಡ್ತಿ ಹೊಳೆಯ ಜಲಪಾತ. ನಾನು ಹೋದಾಗ ಎದುರಿಗೆ ಬರೀ ಬಿಳಿ ಗೋಡೆ. ಸದ್ದಿದೆ, ನೀರು ಕಾಣದು. ಲೆನ್ಸ್ ಒರೆಸೋದು, ಕಾಯೋದು, ಮತ್ತೆ ಒರೆಸೋದು. ಎರಡು ತಾಸಿನ ಮೇಲೆ ಹೊಳವಾಯ್ತು. ಮಂಜು ಪರದೆ ಎತ್ತಿದ ಹಾಗೆ ಮೇಲೆ ಹೋಯಿತು. ಕಪ್ಪು ಬಂಡೆ, ಎರಡು ಹಂತದಲ್ಲಿ ಬೀಳುವ ಕೆಂಪು ಮಿಶ್ರಿತ ನೀರು, ಕೆಳಗೆ ಕಡು ಹಸಿರು ಕಣಿವೆ. ಐದೇ ನಿಮಿಷ. ಮತ್ತೆ ಮುಚ್ಚಿತು.

ಆ ಐದು ನಿಮಿಷವೂ ಪುಕ್ಕಟೆ ಸಿಕ್ಕಿದ್ದಲ್ಲ. ಇದೇ ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆ ಇತ್ತು. 1981ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿತು. ಘೋಷಣೆ ಕೂಗಿ ಸುಮ್ಮನಾಗದೆ, ಎಷ್ಟು ಕಾಡು, ಎಷ್ಟು ತೋಟ ಹೋಗುತ್ತೆ, ಬರೋದೆಷ್ಟು ಅಂತ ಅಡಿಕೆ ಬೆಳೆಗಾರರು ಲೆಕ್ಕ ಕೇಳಿದರು. ಯೋಜನೆ ನಿಂತಿತು. ಈಗ ಬೇಡ್ತಿ–ವರದಾ ಜೋಡಣೆಯ ಹೆಸರಲ್ಲಿ ಈ ನೀರಿನ ಮಾತು ಮತ್ತೆ ಎದ್ದಿದೆ. ಲೆಕ್ಕ ಕೇಳುವ ಸರದಿ ನಮ್ಮದು.

ಮಾಗೋಡಿನ ಫೋಟೋ ಪ್ರಿಂಟ್ ಹಾಕಿಸಿ ಜಗಲಿಯಲ್ಲಿ ಅಜ್ಜನ ಜೋಗದ ಪಕ್ಕ ತೂಗುಹಾಕಿದ್ದೇನೆ. ಹಿಂಬದಿಗೆ ತಾರೀಖು ಬರೆದಿದ್ದೇನೆ. ಇನ್ನು ಅರವತ್ತು ವರ್ಷ ಬಿಟ್ಟು ಯಾರಾದರೂ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದರೆ, ಹೊಳವಿನ ಜೊತೆ ನೀರೂ ಇರಲಿ.